ಕೊಟ್ಯದಲ್ಲಿದ್ದಾರೆ

ಪ್ರೇಮಾವತಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ಆದ ಎಡವಟ್ಟಿಗೆಲ್ಲ ಅವಳ ಬಾಯಿಯೇ ಕಾರಣ, ಆದರೆ ಆ ಬಾಯಿಂದ ಅವತ್ತು ಹೊರಟದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಸುಳ್ಳು ಹೇಳಿ ಮದುವೆ ಮುರಿಯುವವರು ಎಲ್ಲ ಊರಲ್ಲೂ ಇರುತ್ತಾರೆ. ಸತ್ಯ ಹೇಳಿ ಮುರಿದವಳು ಸಿದ್ಧಕಟ್ಟೆಗೆ ಇವಳೊಬ್ಬಳೇ ಇರಬೇಕು.

ಎಲ್ಲ ಒಂದು ಶಬ್ದದ ಕೆಲಸ. ಕೊಟ್ಯ. ತುಳುವಿನಲ್ಲಿ ಕಟ್ಟಿಗೆಗೆ ಕಣಕ್ ಎನ್ನುತ್ತಾರೆ, ಅದನ್ನು ಮಳೆಗೆ ನೆನೆಯದ ಹಾಗೆ ಒಟ್ಟಿಡುವ ಶೆಡ್ಡಿಗೆ ಕಣಕ್‌ಕೊಟ್ಯ. ಅಷ್ಟು ಉದ್ದ ಹೇಳಲು ಯಾರಿಗೆ ಪುರುಸೊತ್ತು? ಹಾಗಾಗಿ ಅದು ಪ್ರೇಮಾವತಿಯ ವಠಾರದಲ್ಲಿ ಬರೀ ಕೊಟ್ಯವಾಯಿತು, ಆದ ಮೇಲೆ ಸಿಕ್ಕಿದ್ದಕ್ಕೆಲ್ಲ ಅಂಟಿಕೊಂಡಿತು. ಪಕ್ಕದ ಮನೆ ಹರಿಣಾಕ್ಷಿಯ ವ್ಯಾನಿಟಿ ಬ್ಯಾಗಿನಲ್ಲಿ ಹಳೆ ಬಸ್ ಟಿಕೇಟಿನಿಂದ ಹಿಡಿದು ಒಣಗಿದ ಲಿಂಬೆಹುಳಿಯವರೆಗೆ ಎಲ್ಲವೂ ಸಿಗುತ್ತದೆ, ಅದು ಕೊಟ್ಯ. ಕಚೇರಿಗೆ ಕೊಟ್ಟ ಅರ್ಜಿಗೆ ವರ್ಷವಾದರೂ ಉತ್ತರ ಬಾರದಿದ್ದರೆ ಅದು ಕೊಟ್ಯಕ್ಕೆ ಹೋಯಿತು. ಪ್ರಾಯ ಮೀರಿದರೂ ಹೆಣ್ಣು ಸಿಗದ ಗಂಡು ಕೊಟ್ಯದಲ್ಲಿ ಒಣಗುತ್ತಿದ್ದಾನೆ. ಪ್ರೇಮಾವತಿಯ ಗಂಡ ಹುಕ್ರಪ್ಪ ಬಿ.ಸಿ.ರೋಡ್–ಮೂಡುಬಿದಿರೆ ಬಸ್ಸಿನಲ್ಲಿ ಇಪ್ಪತ್ತೆಂಟು ವರ್ಷ ಕಂಡಕ್ಟರ್ ಆಗಿದ್ದವನು. ಅವನ ಬಾಯಲ್ಲಿ ಬಸ್ಸಿನ ಕೊನೆಯ ಸೀಟೇ ಕೊಟ್ಯ. ಸೊಂಟ ನೋವಿನವರನ್ನೂ ಬಿಡದೆ, ಕೊಟ್ಯ ಖಾಲಿ ಉಂಟು ಹೋಗಿ ಹೋಗಿ ಎಂದು ಹಿಂದಕ್ಕೆ ತಳ್ಳುತ್ತಿದ್ದ.

ಇಷ್ಟೆಲ್ಲ ಅರ್ಥವಿದ್ದರೂ ಆ ವಠಾರದಲ್ಲಿ ನಿಜವಾದ ಕೊಟ್ಯ ಅಂದರೆ ಒಂದೇ, ಹರಿಣಾಕ್ಷಿಯ ಗಂಡ ವಸಂತನದು. ವಸಂತ ರಬ್ಬರ್ ಟ್ಯಾಪಿಂಗ್ ಮಾಡುವವನು. ಬೆಳಿಗ್ಗೆ ಬೇಗ ಎದ್ದು ತೋಟಕ್ಕೆ ಹೋದರೆ ಹತ್ತೂವರೆ ಹನ್ನೊಂದಕ್ಕೆ ಕೆಲಸ ಮುಗಿಯಿತು. ಆಮೇಲೆ ಅವನು, ಅವನ ಕೊಡಲಿ, ಅವನ ಕೊಟ್ಯ. ಕೆಂಪುಕಲ್ಲಿನ ಕಂಬ, ಹಿಂದಕ್ಕೆ ಒಂದು ಗೋಡೆ, ಹಂಚಿನ ಮಾಡು. ಒಳಗೆ ಗೇರು, ಮಾವು, ಹಲಸು ಒಂದೊಂದಕ್ಕೂ ಬೇರೆ ಬೇರೆ ಸಾಲು. ತೆಂಗಿನ ಗರಿಯ ಬುಡದ ಕೊತ್ತಳಿಗೆ ಒಂದು ಕಡೆ, ಸಿಪ್ಪೆ ಒಂದು ಕಡೆ, ಚಿಪ್ಪಿಗೆ ಗೋಣಿಚೀಲ. ಪ್ರತಿ ಸಾಲಿನ ಎದುರು ತುದಿಯಲ್ಲಿ ಯಾವುದಕ್ಕೆ ಎಂದು ಮಸಿಯಿಂದ ಬರೆದಿರುತ್ತಾನೆ: ಬಚ್ಚಲು, ಅಕ್ಕಿ, ಮಳೆಗಾಲ. ಗೋಡೆಯ ಬದಿಯ ಸಾಲು ಒಂದಕ್ಕೆ ಮಾತ್ರ ಹೆಸರಿಲ್ಲ, ಅದನ್ನು ಮುಟ್ಟಲಿಕ್ಕೂ ಇಲ್ಲ. ಹರಿಣಾಕ್ಷಿ ಯಾವಾಗ ಕೇಳಿದರೂ ಅದು ಇನ್ನೂ ಒಣಗಿಲ್ಲ ಅನ್ನುತ್ತಾನೆ. ಆರು ವರ್ಷದಿಂದ ಒಣಗದ ಕಟ್ಟಿಗೆ ಯಾವ ಲೋಕದ್ದೋ ಎಂದು ಅವಳು ಗೊಣಗಿ ಸುಮ್ಮನಾಗಿದ್ದಳು.

ವಸಂತ–ಹರಿಣಾಕ್ಷಿಗೆ ಒಬ್ಬಳೇ ಮಗಳು, ಮೋಕ್ಷಿತಾ. ಬಿ.ಸಿ.ರೋಡಿನಲ್ಲಿ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಪ್ರೇಮಾವತಿಗೆ ಮಕ್ಕಳಿಲ್ಲ, ಆದ್ದರಿಂದ ಮೋಕ್ಷಿತಾ ಬೆಳೆದದ್ದು ಅರ್ಧ ಅವಳ ಜಗಲಿಯಲ್ಲೇ. ಪ್ರೇಮಾವತಿ ಎಲೆ ತುಂಬಿದ ಮೊರ, ತಡ್ಪೆಯನ್ನು ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದರೆ ಇವಳು ಪಕ್ಕದಲ್ಲಿ ಕುಳಿತು ಮಗ್ಗಿ ಹೇಳುತ್ತಿದ್ದಳು. ಇಂಥ ಹುಡುಗಿಗೆ ಮೂಡುಬಿದಿರೆಯಿಂದ ಸಂಬಂಧ ಬಂತು. ಹುಡುಗ ಭವಿತ್, ಫ್ರಿಜ್ಜು ಏಸಿ ರಿಪೇರಿಯ ಅಂಗಡಿ ಇಟ್ಟವನು. ಜಾತಕ ಕೂಡಿತು. ಇಬ್ಬರೂ ಎರಡು ಸಲ ಬಿ.ಸಿ.ರೋಡಿನ ಜ್ಯೂಸ್ ಅಂಗಡಿಯಲ್ಲಿ ಕುಳಿತು ಮಾತನಾಡಿಯೂ ಆಯಿತು. ಎರಡನೆಯ ಸಲ ಮನೆಗೆ ಬಂದ ಮೋಕ್ಷಿತಾ ಸುಮ್ಮ ಸುಮ್ಮನೆ ನಗುವುದನ್ನು ಕಂಡೇ ಪ್ರೇಮಾವತಿ ಮದುವೆಗೆ ಯಾವ ಸೀರೆ ಉಡುವುದು ಎಂದು ಯೋಚಿಸತೊಡಗಿದ್ದಳು.

ಇನ್ನು ಉಳಿದದ್ದು ನೆರೆಕರೆಯಲ್ಲಿ ವಿಚಾರಿಸುವ ಶಾಸ್ತ್ರ. ನಮ್ಮ ಕಡೆ ಅದಿಲ್ಲದೆ ಮಾತು ಮುಂದಕ್ಕೆ ಹೋಗುವುದಿಲ್ಲ. ಯಾರದೋ ಕೈಯಿಂದ ಪಕ್ಕದ ಮನೆಯವರ ನಂಬರ್ ತೆಗೆದುಕೊಂಡು, ಅದು ಇದು ಮಾತನಾಡುತ್ತಾ ಮೆಲ್ಲಗೆ ಕೇಳುವುದು. ಹುಡುಗನ ತಾಯಿ ಕಾಂತಿ ಹಾಗೆಯೇ ಒಂದು ಮಧ್ಯಾಹ್ನ ಪ್ರೇಮಾವತಿಗೆ ಫೋನ್ ಮಾಡಿದರು. ಪ್ರೇಮಾವತಿಗೆ ಖುಷಿಯೋ ಖುಷಿ. ಹುಡುಗಿಯ ಗುಣ, ಅಡುಗೆ, ನಡೆನುಡಿ ಎಲ್ಲ ಹೇಳಿ ಮುಗಿಸಿದಳು. ಆಗ ಕಾಂತಿ, ಹುಡುಗಿಯ ತಂದೆ ಹೇಗೆ, ಕೆಲಸ ಮುಗಿದ ಮೇಲೆ ಮನೆಯಲ್ಲೇ ಇರುತ್ತಾರಾ ಎಂದು ಕೇಳಿದರು. ಇದು ಕುಡಿಯುತ್ತಾರಾ ಎಂದು ಕೇಳುವ ಮರ್ಯಾದೆಯ ದಾರಿ. ಪ್ರೇಮಾವತಿಗೆ ಅದು ಹೊಳೆಯಲಿಲ್ಲ.

"ಅವರು ಎಲ್ಲಿಗೂ ಹೋಗುವವರಲ್ಲ ಅಕ್ಕಾ," ಎಂದಳು ಹೆಮ್ಮೆಯಿಂದ. "ಕೆಲಸ ಮುಗಿಸಿ ಬಂದರೆ ಸೀದಾ ಕೊಟ್ಯಕ್ಕೆ. ಒಮ್ಮೆ ಕೊಟ್ಯಕ್ಕೆ ಹೋಗದೆ ಅವರಿಗೆ ಅನ್ನ ಇಳಿಯುವುದಿಲ್ಲ. ಆದಿತ್ಯವಾರ ಆದರೆ ಇಡೀ ದಿನ ಅಲ್ಲೇ."

ಕಾಂತಿ ಸ್ವರ ತಗ್ಗಿಸಿ, ಒಬ್ಬರೇ ಹೋಗುತ್ತಾರಾ ಎಂದು ಕೇಳಿದರು. ಹೆಚ್ಚಾಗಿ ಒಬ್ಬರೇ, ಕೆಲವೊಮ್ಮೆ ನಮ್ಮವರೂ ಸೇರುತ್ತಾರೆ, ಇಬ್ಬರೂ ಸೇರಿದರೆ ಲೋಕದ ಪರಿವೆಯೇ ಇಲ್ಲ ಎಂದಳು ಇವಳು. ಮನೆಯಲ್ಲಿ ಜಗಳ ಇಲ್ಲವಾ ಎಂದು ಕೇಳಿದ್ದಕ್ಕೆ, ಜಗಳ ಎಂತಕ್ಕೆ, ಹೆಂಡತಿ ಅಲ್ಲಿಗೇ ಚಕ್ಕುಲಿ ಕೊಂಡುಹೋಗಿ ಕೊಡುತ್ತಾಳೆ ಎಂದಳು. ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. ಆದರೆ ಬಾಯಿ ಬಿಡಬೇಕಲ್ಲ. ಕೊನೆಗೆ ಒಂದು ಸೇರಿಸಿದಳು: "ಮೋಕ್ಷಿಯೂ ಹಾಗೆಯೇ. ಸಣ್ಣದಿರುವಾಗಿನಿಂದ ಅಪ್ಪನ ಒಟ್ಟಿಗೆ ಕೊಟ್ಯಕ್ಕೆ ಹೋಗಿ ಅಭ್ಯಾಸ."

ಕಾಂತಿ ಬಹಳ ಉಪಕಾರವಾಯಿತು ಎಂದು ಹೇಳಿ ಫೋನ್ ಇಟ್ಟರು. ಮೂರನೆಯ ದಿನ ಹರಿಣಾಕ್ಷಿಯ ಫೋನಿಗೆ ಸುದ್ದಿ ಬಂತು. ಬೇರೊಬ್ಬ ಜ್ಯೋತಿಷಿಗಳಲ್ಲಿ ತೋರಿಸಿದಾಗ ಜಾತಕ ಕೂಡುವುದಿಲ್ಲ ಎಂದರಂತೆ, ಬೇಸರ ಮಾಡಬಾರದಂತೆ.

ಮೋಕ್ಷಿತಾ ಅಳಲಿಲ್ಲ. ಆ ಆದಿತ್ಯವಾರ ಅಪ್ಪ ಸೀಳಿದ ಮಾವಿನ ಕಟ್ಟಿಗೆಯನ್ನೆಲ್ಲ ಒಂದೊಂದಾಗಿ ತಂದು ಸಾಲಿಗೆ ಇಟ್ಟಳು. ಜಗಲಿಯಲ್ಲಿ ಬೀಡಿ ಕಟ್ಟುತ್ತಾ ಅದನ್ನು ನೋಡಿದ ಪ್ರೇಮಾವತಿಗೆ ಎಲೆಯ ಅಳತೆ ತಪ್ಪಿತು. ಜ್ಯೋತಿಷಿಗಳಿಗೆ ಮನಸ್ಸಿನಲ್ಲೇ ಸರಿಯಾಗಿ ಬೈದಳು.

ಬೈಗುಳ ಯಾರಿಗೆ ಸೇರಬೇಕಾದದ್ದು ಎಂದು ಗೊತ್ತಾದದ್ದು ಮರುದಿನ ಬೀಡಿ ಬ್ರಾಂಚಿನಲ್ಲಿ. ಕಟ್ಟಿದ ಬೀಡಿ ಕೊಟ್ಟು ಎಲೆ ತೆಗೆದುಕೊಳ್ಳಲು ಹೆಂಗಸರು ಸಾಲಾಗಿ ಕುಳಿತಿದ್ದರು. ಪಕ್ಕದಲ್ಲಿ ಪೂವಮ್ಮ, ಮೂಡುಬಿದಿರೆ ಆಚೆಯವಳು, ಮಗಳ ಬಾಣಂತನಕ್ಕೆ ಬಂದು ಇಲ್ಲೇ ಉಳಿದವಳು. ನಿಮ್ಮ ಯಜಮಾನರು ಬರಲಿಲ್ಲವಾ, ಚೀಲ ಭಾರ ಉಂಟಲ್ಲ ಎಂದು ಅವಳು ಕೇಳಿದಳು. ಇವರಾ, ವಸಂತಣ್ಣನಿಗೆ ಇವತ್ತು ತೋಟದ ಕೆಲಸ ಇಲ್ಲ, ಬೆಳಿಗ್ಗೆಯೇ ಅವರ ಒಟ್ಟಿಗೆ ಕೊಟ್ಯದಲ್ಲಿದ್ದಾರೆ ಎಂದಳು ಪ್ರೇಮಾವತಿ.

ಪೂವಮ್ಮ ಅವಳ ಕೈ ಹಿಡಿದುಕೊಂಡಳು. "ಅಯ್ಯೋ ಮಾರಾಯ್ತಿ, ಬೆಳಿಗ್ಗೆಯೇ ಶುರುವಾ?"

ಎಂತದು ಶುರು ಎಂದು ಇವಳು, ಕುಡಿಯುವುದು ಎಂದು ಅವಳು. ಆಮೇಲೆ ಬಿಡಿಸಿ ಹೇಳಿದಳು. ಅವಳ ಊರಿನಲ್ಲಿ ಹಿಂದೆ ಒಬ್ಬ ಕಟ್ಟಿಗೆ ಕೊಟ್ಯದ ಹಿಂದೆ ಕೂತು ಕದ್ದು ಸಾರಾಯಿ ಕೊಡುತ್ತಿದ್ದನಂತೆ. ಗಂಡಸರು ಮನೆಯಲ್ಲಿ ಕೊಟ್ಯಕ್ಕೆ ಹೋಗಿ ಬರುತ್ತೇನೆ ಎಂದು ಹೇಳಿ ಹೊರಡುವುದು. ಅವನೂ ಸತ್ತ, ಆ ಕೊಟ್ಯವೂ ಬಿತ್ತು, ಮಾತು ಮಾತ್ರ ಉಳಿಯಿತು. ಈಗ ಆ ಕಡೆ ಬಾರಿಗೆ ಹೋದರೂ ಕೊಟ್ಯಕ್ಕೆ ಹೋದ ಎಂದೇ ಲೆಕ್ಕ. ಸಭ್ಯರು ಆ ಶಬ್ದ ಬಾಯಲ್ಲಿ ತೆಗೆಯುವುದಿಲ್ಲ, ಅವರು ಕಟ್ಟಿಗೆ ಇಡುವ ಜಾಗಕ್ಕೆ ಕೊಟ್ಟಿಗೆ ಅನ್ನುತ್ತಾರೆ.

ಪ್ರೇಮಾವತಿ ಫೋನಿನಲ್ಲಿ ಆಡಿದ ಒಂದೊಂದು ಮಾತೂ ಸಾಲಾಗಿ ಅವಳ ಎದುರು ಬಂದು ನಿಂತಿತು. ಆದಿತ್ಯವಾರ ಇಡೀ ದಿನ. ಹೆಂಡತಿ ಅಲ್ಲಿಗೇ ಚಕ್ಕುಲಿ. ಮೋಕ್ಷಿಯೂ ಹಾಗೆಯೇ. ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟದ ಮನುಷ್ಯನನ್ನು ಕುಡುಕ ಮಾಡಿದ್ದಲ್ಲದೆ ಮಗುವನ್ನೂ ಸೇರಿಸಿಬಿಟ್ಟಿದ್ದಳು ಪುಣ್ಯಾತ್ಗಿತ್ತಿ. ಎಲೆಯ ಕಟ್ಟನ್ನು ಬ್ರಾಂಚಿನಲ್ಲೇ ಮರೆತು ಮನೆಗೆ ಬಂದಳು.

ಗಂಡನಿಗೆ ಹೇಳಿದಾಗ ಹುಕ್ರಪ್ಪ ಮೊದಲು ಹೊಟ್ಟೆ ಹಿಡಿದು ನಕ್ಕ. ಹೌದು, ಆ ಕಡೆ ಹಾಗೆ ಒಂದು ಅರ್ಥ ಉಂಟು ಎಂದ. ನಿಮಗೆ ಹೇಗೆ ಗೊತ್ತು ಎಂದು ಪ್ರೇಮಾವತಿ ಕೇಳಿದ್ದೇ ನಗು ನಿಂತಿತು. ಕಂಡಕ್ಟರನ ಕೆಲಸ ಅಂದರೆ ನಾಲ್ಕು ಜನರ ಮಾತು ಕಿವಿಗೆ ಬೀಳುತ್ತದೆ ಎಂದು ಏನೋ ಹೇಳಿದ. ಆ ವಿಚಾರಣೆಯನ್ನು ಅವಳು ಸದ್ಯಕ್ಕೆ ಕೊಟ್ಯಕ್ಕೆ ಹಾಕಿದಳು, ಈಗ ತಲೆಯಲ್ಲಿ ಇದ್ದದ್ದು ಮೋಕ್ಷಿತಾ ಒಬ್ಬಳೇ. ಹರಿಣಾಕ್ಷಿಯ ಮುಖ ಇನ್ನು ಹೇಗೆ ನೋಡುವುದು? ಸರಿ ಮಾಡದೆ ಆ ಮನೆಯ ಮೆಟ್ಟಿಲು ಹತ್ತುವುದಿಲ್ಲ ಎಂದು ನಿಶ್ಚಯಿಸಿದಳು.

ಮೊದಲು ಫೋನ್ ಮಾಡಿ ನೋಡಿದಳು. ಕೊಟ್ಯ ಅಂದರೆ ನಮ್ಮಲ್ಲಿ ಕಟ್ಟಿಗೆ ಇಡುವುದು ಅಕ್ಕಾ ಎಂದು ಮೂರು ಸಲ ಹೇಳಿದಳು. ಕಾಂತಿ ಪ್ರೀತಿಯಿಂದಲೇ ಕೇಳಿಸಿಕೊಂಡರು, ನಂಬಲಿಲ್ಲ. ನೀವು ನೆರೆಕರೆಯವರು, ಅವರನ್ನು ಬಿಟ್ಟುಕೊಡಬಾರದಲ್ಲ ಎಂದರು. ಅವರ ಜಾಗದಲ್ಲಿ ಇದ್ದಿದ್ದರೆ ತಾನೂ ನಂಬುತ್ತಿರಲಿಲ್ಲ ಎಂದು ಪ್ರೇಮಾವತಿಗೇ ಅನ್ನಿಸಿತು. ಮಾತಿನಿಂದ ಕೆಟ್ಟದ್ದು ಇನ್ನಷ್ಟು ಮಾತಿನಿಂದ ಸರಿಯಾಗುವ ಹಾಗೆ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ವಸಂತ ರಬ್ಬರ್ ತೋಟಕ್ಕೆ, ಹರಿಣಾಕ್ಷಿ ಹಾಲಿನ ಡೈರಿಗೆ ಹೋದ ಹೊತ್ತು ನೋಡಿ ಪ್ರೇಮಾವತಿ ಅವರ ಕೊಟ್ಯಕ್ಕೆ ನುಗ್ಗಿದಳು. ಅವಸರವೋ ಅವಸರ. ಯಾವುದು ಚೆನ್ನಾಗಿ ಒಣಗಿದೆ ಎಂದು ಬೆರಳಿನಿಂದ ಕುಟ್ಟಿ ಕುಟ್ಟಿ ನೋಡಿದಳು. ಗೋಡೆಯ ಬದಿಯ ಗೇರು ಕಟ್ಟಿಗೆಯಷ್ಟು ಚಂದ ಠಣ್ ಎಂದದ್ದು ಬೇರೆ ಇಲ್ಲ. ನಾಲ್ಕು ಸೀಳು ಎಳೆದು, ಪೇಪರಿನಲ್ಲಿ ಸುತ್ತಿ, ಬಟ್ಟೆ ಅಂಗಡಿಯ ದೊಡ್ಡ ಚೀಲಕ್ಕೆ ತುಂಬಿ ಮೂಡುಬಿದಿರೆ ಬಸ್ಸು ಹತ್ತಿದಳು. ಸೀಟು ಸಿಕ್ಕಿದ್ದು ಕೊನೆಯದು. ಕೊಟ್ಯದಲ್ಲಿ ಕಟ್ಟಿಗೆ ಹಿಡಿದುಕೊಂಡು ಕುಳಿತ ತನ್ನನ್ನು ಹುಕ್ರಪ್ಪ ನೋಡಲಿಲ್ಲವಲ್ಲ ಎಂದು ಸಮಾಧಾನಪಟ್ಟುಕೊಂಡಳು.

ಕಾಂತಿಯ ಮನೆ ಅಲಂಗಾರಿನ ಹತ್ತಿರ. ಇವಳು ಹೋಗುವಾಗ ಕಾಂತಿ ಮನೆಯ ಹಿಂದಿನ ಬಚ್ಚಲಿನಿಂದ ಕೆಮ್ಮುತ್ತಾ ಹೊರಗೆ ಬಂದರು. ಕೈಯಲ್ಲಿ ಊದುವ ಕೊಳವೆ, ಕಣ್ಣು ಕೆಂಪು, ಹಿಂದಿನಿಂದ ಹೊಗೆ. ಪ್ರೇಮಾವತಿ ತಾನು ಯಾರೆಂದು ಹೇಳಿದಳು. ಕಾಂತಿ ಮುಖ ಗಂಟಿಕ್ಕಲಿಲ್ಲ, ಜಗಲಿಯಲ್ಲಿ ಕೂರಿಸಿ ನೀರು ಬೆಲ್ಲ ಕೊಟ್ಟರು. ಆಮೇಲೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಮಾತು ತೆಗೆದರು.

"ನಿಮ್ಮ ಮೇಲೆ ನನಗೆ ಬೇಸರ ಇಲ್ಲ. ನನ್ನ ತಮ್ಮ ಕುಡಿದೇ ಹೋದ. ಅವನಿಗೆ ಹೆಣ್ಣು ಕೇಳುವಾಗ ನೆರೆಕರೆಯವರು ಭಾರೀ ಒಳ್ಳೆಯವ ಎಂದು ಹೇಳಿದರು, ನಾನೂ ಹೇಳಿದೆ. ಆ ಹುಡುಗಿಯ ಕಣ್ಣೀರು ನಾನು ಕಂಡಿದ್ದೇನೆ. ಅದಕ್ಕೇ ಹೆದರಿಕೆ. ಮಗನಿಗೂ ಜಾತಕ ಎಂದೇ ಹೇಳಿದ್ದೇನೆ, ಅವರ ಮನೆಯ ಮಾನ ಹೋಗಬಾರದು ಅಂತ."

ಈ ಹೆಂಗಸು ಕೆಟ್ಟವಳಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಪ್ರೇಮಾವತಿ ಚೀಲ ಎತ್ತಿಕೊಂಡು ಸೀದಾ ಬಚ್ಚಲಿಗೆ ನಡೆದಳು. ಒಲೆಯೊಳಗೆ ಹಸಿ ಕಟ್ಟಿಗೆ ಬುಸುಗುಟ್ಟುತ್ತಿತ್ತು. ಅದನ್ನೆಲ್ಲ ಹೊರಗೆ ಎಳೆದು ಹಾಕಿ, ಅಲ್ಲೇ ಇದ್ದ ಒಂದು ತೆಂಗಿನ ಸಿಪ್ಪೆ ಇಟ್ಟು, ಮೇಲೆ ವಸಂತನ ಮೂರು ಸೀಳು ಜೋಡಿಸಿ ಕಡ್ಡಿ ಗೀರಿದಳು. ಒಂದೇ ಕಡ್ಡಿ. ಹೊಗೆ ಎಂಬುದೇ ಇಲ್ಲದೆ ಬೆಂಕಿ ಹಂಡೆಯ ಅಡಿಯನ್ನೆಲ್ಲ ಹಿಡಿಯಿತು.

"ಕುಡುಕನ ಕಟ್ಟಿಗೆ ಹೀಗೆ ಉರಿಯುತ್ತದಾ ಅಕ್ಕಾ?" ಎಂದು ಕೇಳಿದಳು ಪ್ರೇಮಾವತಿ. "ಇದು ಅವರ ಕೊಟ್ಯದ್ದು. ಅವರು ದಿನಾ ಹೋಗುವುದು ಇದಕ್ಕೇ. ಸೀಳುವುದು, ಬಿಸಿಲಿಗೆ ಹಾಕುವುದು, ಒಟ್ಟುವುದು. ಮೋಕ್ಷಿ ಹೋಗುವುದು ಎತ್ತಿ ಕೊಡಲಿಕ್ಕೆ."

ಕಾಂತಿ ಬೆಂಕಿಯನ್ನೇ ನೋಡುತ್ತಾ ನಿಂತರು. ಬಚ್ಚಲಿಗೆ ಕಟ್ಟಿಗೆ ಹಾಕುವವರಿಗೇ ಗೊತ್ತು ಅಂಥ ಬೆಂಕಿಯ ಬೆಲೆ. ಪ್ರೇಮಾವತಿ ನಾಲ್ಕನೆಯ ಸೀಳನ್ನೂ ಒಲೆಗೆ ನೂಕಲು ಹೊರಟಾಗ ಕಾಂತಿ ಅವಳ ಕೈ ಹಿಡಿದರು.

"ನಿಲ್ಲಿ. ಇದರಲ್ಲಿ ಎಂತದೋ ಬರೆದುಂಟು."

ಗೋಡೆಯ ಕಡೆಗೆ ಇದ್ದ ತುದಿ ಅದು, ಅವಸರದಲ್ಲಿ ಪ್ರೇಮಾವತಿ ನೋಡಿರಲಿಲ್ಲ. ಕಾಂತಿ ಬಾಗಿಲ ಬೆಳಕಿಗೆ ಹಿಡಿದು ಓದಿದರು. ಮಸಿಯ ಅಕ್ಷರ, ವಸಂತನದೇ ಸೊಟ್ಟ ಬರಹ. ಮೋಕ್ಷಿ ಮದುವೆಗೆ. ಕೆಳಗೆ ಇಸವಿ, ಆರು ವರ್ಷ ಹಿಂದಿನದು.

ಹರಿಣಾಕ್ಷಿ ಗೊಣಗುತ್ತಿದ್ದ, ಆರು ವರ್ಷದಿಂದ ಒಣಗದ ಸಾಲು ಯಾವುದೆಂದು ಪ್ರೇಮಾವತಿಗೆ ಆಗ ತಿಳಿಯಿತು. ಉರಿಯುತ್ತಿರುವ ಮೂರು ಸೀಳುಗಳನ್ನು ನೋಡಿ ಬಚ್ಚಲಿನ ಕಲ್ಲಿನ ಮೇಲೆ ಕುಳಿತುಬಿಟ್ಟಳು, ಅಳು ಬಂತು. ಮದುವೆ ಮುರಿದದ್ದು ಸಾಲದು ಎಂದು ಮದುವೆಯ ಕಟ್ಟಿಗೆಯನ್ನೂ ಸುಟ್ಟೆನಲ್ಲ ಎಂದಳು. ಕಾಂತಿ ಆ ಸೀಳನ್ನು ಸೆರಗಿನಿಂದ ಒರೆಸಿ, ಒಳಗೆ ಕೊಂಡುಹೋಗಿ ಎಲ್ಲೋ ಇಟ್ಟು ಬಂದರು. ಆಮೇಲೆ ಊಟಕ್ಕೆ ಎಲೆ ಹಾಕಿದರು.

ಅದೇ ಸಂಜೆ ಪ್ರೇಮಾವತಿ ವಸಂತನ ಮನೆಯ ಮೆಟ್ಟಿಲು ಹತ್ತಿ ಎಲ್ಲವನ್ನೂ ಒಪ್ಪಿಕೊಂಡಳು. ಮಸಿಯ ಅಕ್ಷರದ ಸುದ್ದಿ ಒಂದನ್ನು ಮಾತ್ರ ಬಿಟ್ಟಳು, ಅದು ವಸಂತ ಹೇಳಬೇಕಾದದ್ದು. ಚಕ್ಕುಲಿಯ ಮಾತು ಬಂದಾಗ ಹರಿಣಾಕ್ಷಿಗೆ ಬೇಡ ಬೇಡವೆಂದರೂ ನಗು ಬಂತು, ಬಂದದ್ದು ನಿಲ್ಲಲಿಲ್ಲ. ನಾನೂ ಕುಡಿಯುತ್ತೇನಾ ಮಾಮಿ ಎಂದು ಕೇಳಿದ ಮೋಕ್ಷಿತಾಳೂ ನಕ್ಕಳು, ವಾರದಲ್ಲಿ ಮೊದಲ ಸಲ. ವಸಂತ ಮಾತ್ರ ಕೊಟ್ಯದ ಕಡೆಗೆ ನೋಡಿದ. ಗೋಡೆಯ ಬದಿಯಿಂದಲಾ ತೆಗೆದದ್ದು ಎಂದು ಕೇಳಿದ, ಹೌದು ಎಂದಾಗ ತಲೆ ಆಡಿಸಿದ.

ಆದಿತ್ಯವಾರ ಹತ್ತು ಗಂಟೆಗೆ ಅಂಗಳದಲ್ಲಿ ಕಾರು ನಿಂತಿತು. ಭವಿತ್ ಇಳಿದ, ಅವನ ಹಿಂದೆ ಕಾಂತಿ, ಅವರ ಕೈಯಲ್ಲಿ ಬಟ್ಟೆ ಅಂಗಡಿಯ ಅದೇ ಚೀಲ. ಬೇಲಿಯ ಹತ್ತಿರ ಇದ್ದ ಪ್ರೇಮಾವತಿಯನ್ನೇ ಅವರು ಕೇಳಿದರು, ವಸಂತಣ್ಣ ಎಲ್ಲಿದ್ದಾರೆ ಎಂದು. ಪ್ರೇಮಾವತಿ ಬಾಯಿ ತೆರೆದಳು, ಮುಚ್ಚಿದಳು. ಆ ಶಬ್ದದ ಸಹವಾಸವೇ ಬೇಡವೆಂದು ಕೈ ತೋರಿಸಿದಳು ಅಷ್ಟೆ.

ಕಾಂತಿ ಮನೆಯೊಳಗೆ ಹೋಗದೆ ನೇರ ಅತ್ತ ನಡೆದರು. ಎಲ್ಲರೂ ಹಿಂದೆ ಹೋದರು. ಕೊಡಲಿ ಹಿಡಿದು ಬೆವರುತ್ತಿದ್ದ ವಸಂತ ಅಂಗಿ ಹುಡುಕತೊಡಗಿದ. ಕಾಂತಿ ಸಾಲುಗಳನ್ನೆಲ್ಲ ಒಂದೊಂದಾಗಿ ನೋಡಿದರು, ಬಚ್ಚಲು, ಅಕ್ಕಿ, ಮಳೆಗಾಲ ಎಂದು ಓದಿದರು. ಗೋಡೆಯ ಬದಿಯ ಸಾಲಿನಲ್ಲಿ ನಾಲ್ಕು ಸೀಳಿನ ಜಾಗ ಹಾಗೆಯೇ ಖಾಲಿ ಇತ್ತು. ಚೀಲದಿಂದ ಕಟ್ಟಿಗೆ ತೆಗೆದು, ಅಕ್ಷರ ಎಲ್ಲರಿಗೂ ಕಾಣುವ ಹಾಗೆ ವಸಂತನ ಕೈಗೆ ಕೊಟ್ಟರು.

"ಇದು ನಮ್ಮ ಬಚ್ಚಲಲ್ಲಿ ಉರಿಯುವಂಥದ್ದಲ್ಲ ಅಣ್ಣ. ಮದುವೆಯ ದಿನ ಉರಿಯಬೇಕಾದದ್ದು. ಮೂರು ಉರಿದು ಹೋಯಿತು, ತಪ್ಪು ತಿಳಿಯಬೇಡಿ."

ಮೋಕ್ಷಿತಾ ಅದನ್ನು ಓದಿದಳು. ಅಪ್ಪನ ಮುಖ ನೋಡಿದಳು. ಮದುವೆ ಹಾಲ್‌ನಲ್ಲಿ ಈಗ ಎಲ್ಲ ಗ್ಯಾಸೇ, ಪಾಯಸ ಒಂದಾದರೂ ಕಟ್ಟಿಗೆಯಲ್ಲಿ ಆಗಲಿ ಅಂತ ಗ್ರಹಿಸಿದ್ದೆ ಎಂದು ವಸಂತ ಯಾರನ್ನೂ ನೋಡದೆ ಹೇಳಿದ. ಅಂದು ಜಾತಕದ ಸುದ್ದಿಗೆ ಅಳದವಳು ಈಗ ಅಪ್ಪನ ಬೆವರಿದ ಹೆಗಲಿಗೆ ಮುಖ ಒತ್ತಿ ಅತ್ತಳು. ಹರಿಣಾಕ್ಷಿ, ಒಂದು ಮಾತು ನನಗಾದರೂ ಹೇಳಬಾರದಿತ್ತಾ ಎಂದು ಗಂಡನಿಗೆ ಬೈಯುತ್ತಾ ತಾನೂ ಕಣ್ಣೊರೆಸಿಕೊಂಡಳು. ವಸಂತ ಆ ಸೀಳನ್ನು ಅದರ ಜಾಗಕ್ಕೆ ನೂಕಿದ. ಉಳಿದ ಮೂರು ಕಟ್ಟಿಗೆಯ ಜಾಗಕ್ಕೆ ಭವಿತ್ ಅಂಗಿಯ ಕೈ ಮಡಚಿ, ಈಗಷ್ಟೇ ಸೀಳಿದ್ದನ್ನು ಎತ್ತಿಕೊಟ್ಟ. ಒಣಗಬೇಕಲ್ಲ, ಹಾಗಾದರೆ ಮದುವೆ ಮೇ ತಿಂಗಳಿಗೆ ಎಂದು ಹುಕ್ರಪ್ಪ ಬೇಲಿಯಾಚೆಯಿಂದಲೇ ದಿನ ನಿಶ್ಚಯಿಸಿದ.

ಹರಿಣಾಕ್ಷಿ ಎಲ್ಲರಿಗೂ ಅಲ್ಲಿಗೇ ಚಹಾ ತಂದಳು, ಜೊತೆಗೆ ಚಕ್ಕುಲಿ. ಅಷ್ಟರಲ್ಲಿ ಕಾಂತಿಯ ಫೋನ್ ಬಡಿದುಕೊಂಡಿತು. ಮನೆಯಿಂದ ಗಂಡ. ಎಲ್ಲಿದ್ದೀ, ಎಷ್ಟು ಹೊತ್ತಿಗೆ ಬರುತ್ತೀ ಎಂದು ಕೇಳಿದ್ದು ಎಲ್ಲರಿಗೂ ಕೇಳಿಸಿತು. ಕಾಂತಿ ಒಂದು ಚಕ್ಕುಲಿ ಮುರಿದು ಬಾಯಿಗೆ ಹಾಕಿಕೊಂಡು, ಪ್ರೇಮಾವತಿಯನ್ನು ನೋಡುತ್ತಾ ಉತ್ತರ ಕೊಟ್ಟರು.

"ಕೊಟ್ಯದಲ್ಲಿದ್ದೇನೆ. ಮಗನೂ ಇಲ್ಲೇ ಇದ್ದಾನೆ. ಬರುವಾಗ ತಡವಾಗ್ತದೆ."

ಆ ಕಡೆಯಿಂದ ತುಂಬ ಹೊತ್ತು ಏನೂ ಕೇಳಿಸಲಿಲ್ಲ.